ಜೈತುನಬಿಯ ಇಪ್ಪತ್ತಮೂರು ಸವಾಲು

ಹೊಳೆಯ ಈಚೆ ದಂಡೆಗೆ ಒಂದು ಮಸೀದಿ. ಅದಕ್ಕೆ ಒಂದೇ ಮಿನಾರು. ಎರಡನೆಯದನ್ನು ಕಟ್ಟುವಷ್ಟರಲ್ಲಿ ಊರವರ ಹುರುಪು ಮುಗಿದುಹೋಗಿತ್ತು.

ಅಲ್ಲಿ ಕಮಾಲುದ್ದೀನ ಹಜರತರು ಇದ್ದರು. ಅವರ ಬಳಿ ಓದಲು ಬಂದ ದಾವಲಸಾಬ ಇದ್ದ. ಶುಕ್ರವಾರ ಒಂದು ಬಿಟ್ಟರೆ ನಮಾಜಿಗೆ ಮೊದಲ ಸಾಲೂ ತುಂಬುತ್ತಿರಲಿಲ್ಲ.

ದಾವಲಸಾಬನಿಗೆ ಮೂವತ್ತೆರಡು ವರ್ಷ. ಚೊಚ್ಚಲ ಹೆರಿಗೆಯಲ್ಲಿ ಹೆಂಡತಿಯೂ ಕೂಸೂ ತೀರಿಕೊಂಡ ಮೇಲೆ ಅವನಿಗೆ ಮನುಷ್ಯರ ಮಾತೇ ಬೇಡವಾಗಿತ್ತು. ಹಾಗೇ ಎರಡು ವರ್ಷ ಕಳೆದು, ಕಿತಾಬುಗಳು ಬಿಟ್ಟುಹೋಗುವುದಿಲ್ಲ ಎಂದುಕೊಂಡು ಇಲ್ಲಿಗೆ ಬಂದ.

ನಾಲ್ಕು ವರ್ಷದಲ್ಲಿ ಬಹಳ ಕಲಿತ. ನಮಾಜಿಗೆ ಮೊದಲು ಕೈಕಾಲು ತೊಳೆಯುವ ವುಜೂ, ನಮಾಜು, ರೋಜಾ, ಜಕಾತು, ಯಾವುದನ್ನು ಕೇಳಿದರೂ ಕಿತಾಬಿನ ಹೆಸರು, ಪುಟ ಎಲ್ಲ ಸೇರಿಸಿ ಹೇಳುತ್ತಿದ್ದ. ಕೇಳದಿದ್ದರೂ ಹೇಳುತ್ತಿದ್ದ.

ಒಂದೇ ಒಂದು ವಿಷಯಕ್ಕೆ ಅವನಿಗೆ ಗುರುಗಳ ಮೇಲೆ ಬೇಸರ. ಅದು ಜೈತುನಬಿಯ ವಿಷಯ.

ಜೈತುನಬಿ ಗಾದಿ ಹೊಲಿಯುವ ಹೆಂಗಸು. ಗಂಡ ಹತ್ತಿ ಹಿಂಜುತ್ತಿದ್ದ, ಅವನು ತೀರಿಹೋಗಿ ಹನ್ನೊಂದು ವರ್ಷ. ಮಕ್ಕಳಿಲ್ಲ. ಅಂದಿನಿಂದ ದಿನಾ ಅಸರ್ ನಮಾಜು ಮುಗಿದು, ಬಿಸಿಲು ಇಳಿಮುಖವಾದಾಗ, ಮೊಣಕಾಲು ಹಿಡಿದುಕೊಂಡು ಬಂದು ಮಸೀದಿಯ ಹೊರಗಿನ ಕಟ್ಟೆಯ ತುದಿಗೆ ಕೂರುತ್ತಿದ್ದಳು. ಸೆರಗನ್ನು ತಲೆತುಂಬ ಎಳೆದುಕೊಂಡು ಒಂದು ಸವಾಲು ಕೇಳುತ್ತಿದ್ದಳು.

"ಹಜರತ್, ಕೊಡದಾಗಿನ ನೀರಿಗೆ ಬೆಕ್ಕು ಬಾಯಿ ಹಾಕಿತ್ರಿ. ಮನ್ಯಾಗ ಬ್ಯಾರೆ ನೀರಿರಲಿಲ್ಲ. ಅದರಾಗ ವುಜೂ ಮಾಡಿಬಿಟ್ಟೆ. ನನ್ನ ನಮಾಜು ಆತೋ ಇಲ್ಲೋ?"

"ಆಗೈತಿ ಜೈತುನಬಿ, ಚಿಂತಿ ಮಾಡಬ್ಯಾಡ."

"ಯಾಕ ಆಗೈತ್ರಿ?"

"ಅದನ್ನ ಕಿತಾಬು ನೋಡಿ ನಾಳೆ ಹೇಳ್ತೀನಿ."

ಮರುದಿನ ಆಕೆ ಬರುತ್ತಿದ್ದಳು. ಹಜರತರು ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಆ ಬೆಕ್ಕು ಯಾವ ಬಣ್ಣದ್ದು, ಮರಿ ಎಷ್ಟು ಹಾಕಿದೆ ಎಂದೆಲ್ಲ ವಿಚಾರಿಸುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಸವಾಲು ಹುಟ್ಟಿರುತ್ತಿತ್ತು. ಅದಕ್ಕೂ ಕಿತಾಬು ನೋಡಬೇಕಾಗುತ್ತಿತ್ತು.

ದಾವಲಸಾಬ ಕಂಬಕ್ಕೆ ಒರಗಿ ಇದನ್ನೆಲ್ಲ ಕೇಳಿ ಒಳಗೊಳಗೇ ಕುದಿಯುತ್ತಿದ್ದ. ಬೆಕ್ಕಿನ ಎಂಜಲಿನ ಮಾತು ಮೊದಲ ವರ್ಷದ ಪಾಠ. ಹಜರತರಿಗೆ ಅದು ಬಾಯಿಪಾಠ. ಮತ್ತೆ ಈ ನಾಟಕ ಯಾಕೆ?

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

"ಹಜರತ್, ಗೊತ್ತಿದ್ದ ಇಲ್ಮು ಮುಚ್ಚಿಡೂದು ಗುನಾಹ್ ಅಂತ ನೀವ ಕಲಿಸೀರಿ."

"ಹೌದು, ಕಲಿಸೀನಿ."

"ಮತ್ತ ಆಕಿಗೆ ಪೂರಾ ಯಾಕ ಹೇಳೂದಿಲ್ರಿ?"

"ನಮಾಜು ಆಗೈತಿ ಅಂತ ಹೇಳಿದೆನಲ್ಲ."

"ಕಾರಣ ಹೇಳ್ಲಿಲ್ರಿ."

ಹಜರತರು ಎದ್ದು ವುಜೂ ಮಾಡುವ ಹೌಜಿನಲ್ಲಿ ಬಿದ್ದಿದ್ದ ಬೇವಿನ ಎಲೆಗಳನ್ನು ಒಂದೊಂದಾಗಿ ತೆಗೆಯತೊಡಗಿದರು.

"ಹೌಜಿನ ನೀರು ಬದಲು ಮಾಡಿ ಎಷ್ಟು ದಿನ ಆತೋ?" ಎಂದರು.

ಇದಕ್ಕಿಂತ ಹೆಚ್ಚಿನ ಉತ್ತರ ಅವತ್ತು ಸಿಗಲಿಲ್ಲ.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಹಜರತರು ಜ್ವರ ಬಂದು ಹಾಸಿಗೆ ಹಿಡಿದರು. ನಮಾಜು ಮಾಡಿಸುವ ಕೆಲಸ, ಸವಾಲಿಗೆ ಜವಾಬು ಹೇಳುವ ಕೆಲಸ ಎರಡೂ ದಾವಲಸಾಬನ ಹೆಗಲಿಗೆ ಬಿದ್ದವು. ಗುರುಗಳಿಗೆ ಜ್ವರ ಬಂದದ್ದಕ್ಕೆ ಅವನಿಗೆ ದುಃಖವೇ ಆಯಿತು. ಆದರೆ ಕಟ್ಟೆಯ ಮೇಲೆ ಗುರುಗಳ ಜಾಗದಲ್ಲಿ ಕೂತಾಗ ಬೆನ್ನು ತಾನಾಗಿ ನೆಟ್ಟಗಾಯಿತು ಎನ್ನುವುದೂ ಸುಳ್ಳಲ್ಲ.

ಜೈತುನಬಿ ಬಂದಳು. ಹಜರತರ ಜ್ವರದ ಸುದ್ದಿ ಕೇಳಿ ಅಲ್ಲೇ ನಿಂತು ಕೈಯೆತ್ತಿ ದುವಾ ಮಾಡಿದಳು. ಆಮೇಲೆ ಕೂತು ಕೇಳಿದಳು.

"ಮೌಲ್ವಿಸಾಬ್ರ, ರೋಜಾ ಇದ್ದಾಗ ಹಲ್ಲಿನ ಸಂದ್ಯಾಗ ಸಿಕ್ಕಿದ್ದ ಅಗಳು ನುಂಗಿಬಿಟ್ರ?"

"ಕಡಲಿಕಾಳಿಗಿಂತ ಸಣ್ಣದಿದ್ರ ರೋಜಾ ಮುರಿಯೂದಿಲ್ಲ ಚಾಚಿ. ಕಾರಣ ಏನಂದ್ರ..." ಎಂದು ಶುರುಮಾಡಿದವನು ಒಂದೇ ಉಸಿರಿಗೆ ಕಾರಣ, ಕಿತಾಬು, ಪುಟ ಎಲ್ಲ ಹೇಳಿ ಮುಗಿಸಿದ.

ಆಕೆಗೆ ಕೇಳಲು ಇನ್ನೇನೂ ಉಳಿದಿರಲಿಲ್ಲ. ಎದ್ದು ಹೋದಳು.

ಮರುದಿನವೂ ಹಾಗೆಯೇ ಆಯಿತು. ವುಜೂ ಮುಗಿದ ಮೇಲೆ ತಲೆ ಸವರಿದೆನೋ ಇಲ್ಲವೋ ಎಂಬ ಅನುಮಾನ ಬಂದರೆ ಏನು ಮಾಡಬೇಕೆಂದು ಕೇಳಿದಳು. "ಮುಗಿದ ಮ್ಯಾಲೆ ಬಂದ ಅನುಮಾನಕ್ಕ ಬೆಲಿ ಇಲ್ಲ" ಎಂದ. ಮೊಣಕಾಲು ಮಡಚಲು ಬರದಿದ್ದರೆ ಎಂದು ಕೇಳಿದಳು. "ಕೂತು ಮಾಡ್ರಿ" ಎಂದ. ಚಕಚಕನೆ ಎರಡು ಸವಾಲು ಮುಗಿದವು.

ಮೂರನೆಯ ದಿನ ಆಕೆ ಹೊಳೆಯ ಕಡೆ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು.

"ಯಾರೂ ಇರಲಾರದ ಮನಿ ಒಳಗ ಹೋಗೂ ಮುಂದ ಸಲಾಂ ಹೇಳಬೇಕೇನ್ರಿ?"

"ಹೇಳಬೇಕು ಚಾಚಿ. 'ನಮ್ಮ ಮ್ಯಾಲೂ, ಅಲ್ಲಾಹನ ಒಳ್ಳೇ ದಾಸರ ಮ್ಯಾಲೂ ಸಲಾಂ ಇರಲಿ' ಅಂತ ಹೇಳಬೇಕು."

"ಅದಕ್ಕ ಯಾರು ಜವಾಬು ಕೊಡ್ತಾರ್ರಿ?"

"ಅಲ್ಲಾಹನ ದೂತರು, ಫರಿಶ್ತೆಗಳು ಕೊಡ್ತಾರ ಅಂತ ಓದಿದ ಆಲಿಮರು ಹೇಳ್ಯಾರ. ನಮಗ ಕೇಳ್ಸೂದಿಲ್ಲ ಅಷ್ಟ."

"ಹೌದ್ರಿ," ಎಂದಳು ಜೈತುನಬಿ. "ಕೇಳ್ಸೂದಿಲ್ಲ."

ದಾವಲಸಾಬ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಬೇರೆ ಯೋಚನೆ ಓಡುತ್ತಿತ್ತು. ಪಾಪ, ಈ ಮುದುಕಿ ಕಾಲುನೋವಿನಲ್ಲಿ ದಿನಾ ಇಷ್ಟು ದೂರ ಯಾಕೆ ನಡೆಯಬೇಕು? ಇದಕ್ಕೊಂದು ಕೊನೆ ಕಾಣಿಸಿದರೆ ದೊಡ್ಡ ಪುಣ್ಯದ ಕೆಲಸವಾದೀತು.

ಅವನು ಮರುದಿನ ಬೆಳಗಿನಿಂದ ಕೂತು ಬರೆದ. ನಾಲ್ಕು ವರ್ಷದಲ್ಲಿ ಆಕೆ ಕೇಳಿದ್ದನ್ನೆಲ್ಲ ನೆನಪಿಸಿಕೊಂಡು, ತಿರುಗಿಮುರುಗಿ ಕೇಳಿದ್ದನ್ನು ಒಂದೇ ಲೆಕ್ಕಕ್ಕೆ ಹಿಡಿದು, ಕ್ರಮಸಂಖ್ಯೆ ಹಾಕಿದ. ಒಟ್ಟು ಇಪ್ಪತ್ತಮೂರು ಸವಾಲು. ಪ್ರತಿಯೊಂದರ ಕೆಳಗೆ ಜವಾಬು, ಜವಾಬಿನ ಕೆಳಗೆ ಕಾರಣ. ಅಕ್ಷರಗಳು ಮುತ್ತು ಪೋಣಿಸಿದ ಹಾಗಿದ್ದವು.

ಅಸರಿನ ಮೇಲೆ ಆಕೆ ಬಂದಾಗ ಕಾಗದಗಳನ್ನು ಮಡಚಿ ಕೊಟ್ಟ.

"ಎಲ್ಲಾ ಇದರಾಗ ಐತಿ ಚಾಚಿ. ಒಂದೂ ಬಿಟ್ಟಿಲ್ಲ."

ಜೈತುನಬಿ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

"ಹಂಗಾರ ನಾ ಇನ್ನ ಬರೂದು ಬ್ಯಾಡೇನ್ರಿ?"

"ಬ್ಯಾಡ ಬ್ಯಾಡ. ಕಾಲು ನೋಯಿಸಿಕೊಂಡು ಇಷ್ಟು ದೂರ ಯಾಕ ಬರ್ತೀರಿ? ಆರಾಮ ಮನ್ಯಾಗ ಇರ್ರಿ."

"ಅಲ್ಲಾಹ ನಿಮಗ ಒಳ್ಳೇದು ಮಾಡ್ಲಿ," ಎಂದು ಹೇಳಿ ಆಕೆ ಹೊರಟಳು. ಬಂದದ್ದಕ್ಕಿಂತ ನಿಧಾನವಾಗಿ ನಡೆದಳು. ಮೊಣಕಾಲು ಜಾಸ್ತಿ ನೋಯುತ್ತಿರಬೇಕು ಎಂದುಕೊಂಡ ದಾವಲಸಾಬ.

ಹಜರತರ ಜ್ವರ ಇಳಿಯಿತು. ಗೋಡೆ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತರು. ಅಸರ್ ಮುಗಿದಿತ್ತು. ದಾರಿಯ ಕಡೆ ನೋಡಿದರು. ಹೊತ್ತು ಮುಳುಗಿ ಮಗ್ರಿಬಿನ ಅಜಾನು ಆಗುವ ತನಕ ನೋಡಿದರು.

ಮರುದಿನವೂ ಕೂತರು. ಅದರ ಮರುದಿನವೂ ಕೂತರು. ಏನೂ ಕೇಳಲಿಲ್ಲ. ಕಿತಾಬು ತೊಡೆಯ ಮೇಲೆ ಇರುತ್ತಿತ್ತು, ಹಾಳೆ ಮಾತ್ರ ಮಗುಚುತ್ತಿರಲಿಲ್ಲ.

ಎಂಟನೆಯ ದಿನ ಕೇಳಿದರು.

"ದಾವಲ, ಜೈತುನಬಿ ಆರಾಮ ಅದಾಳೇನೋ?"

ಈ ಮಾತಿಗೇ ಕಾಯುತ್ತಿದ್ದ ದಾವಲಸಾಬ ಎಲ್ಲ ಹೇಳಿದ. ಇಪ್ಪತ್ತಮೂರು ಸವಾಲು, ಕ್ರಮಸಂಖ್ಯೆ, ಕಾರಣ. ಹೇಳುವಾಗ ಮುಖ ಅರಳಿತ್ತು. ಶಾಭಾಸ್ ಅನ್ನುತ್ತಾರೆಂದು ನಿಂತ.

"ಎಲ್ಲಾ ಹೇಳಿ ಮುಗಿಸಿದಿ?"

"ಮುಗಿಸಿದೆ ಹಜರತ್."

"ಒಂದೂ ಉಳಿಸಲಿಲ್ಲ?"

"ಇಲ್ರಿ."

ಹಜರತರು ಕಿತಾಬು ಮುಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟರು.

"ಆಕಿ ಮನಿಗೆ ಹೋಗಿ ಬಾ," ಎಂದರು.

"ಹೋಗಿ ಏನು ಹೇಳ್ಲಿ?"

"ಹೇಳೂದು ಮುಗದೈತಲ್ಲ. ಸುಮ್ಮನ ಹೋಗಿ ಬಾ."

ಹತ್ತಿಯ ಜಿನ್ನಿಂಗ್ ಕಾರ್ಖಾನೆಯ ಹಿಂದೆ ಜೈತುನಬಿಯದು ಒಂದು ಖೋಲಿ. ಬಾಗಿಲು ಅರ್ಧ ತೆರೆದಿತ್ತು. ದಾವಲಸಾಬ ಹೊರಗೆ ನಿಂತು ಸಲಾಂ ಹೇಳಿದ. ಅವನ ಸಲಾಂ ಮುಗಿಯುವ ಮೊದಲೇ ಒಳಗಿನಿಂದ ಜವಾಬು ಬಂತು. ಗಡಬಡಿಸಿ, ಎಡವಿದಂತೆ ಬಂತು. ನಂತರ ಜೈತುನಬಿ ಬಂದಳು. ಕೈಯಲ್ಲಿ ದಬ್ಬಣ, ಅದರ ಕಣ್ಣಿನಲ್ಲಿ ದಾರ ಇರಲಿಲ್ಲ.

"ಬರ್ರಿ, ಬರ್ರಿ ಮೌಲ್ವಿಸಾಬ್ರ," ಎಂದು ಹೊಸ್ತಿಲ ಹೊರಗೆ ಚಾಪೆ ಹಾಸಿದಳು. ಚಹಾ ಇಟ್ಟಳು. ಸಕ್ಕರೆ ಹಾಕಿದೆನೋ ಇಲ್ಲವೋ ಎಂದು ಮತ್ತೆ ಹಾಕಿದಳು.

ಗೋಡೆಯ ಗೂಡಿನಲ್ಲಿ ಕುರಾನಿನ ಪಕ್ಕ ಹಸಿರು ಬಟ್ಟೆಯ ಒಂದು ಸಣ್ಣ ಗಂಟು ಕಂಡಿತು. ಅದರ ಅಂಚಿನಿಂದ ಅವನ ಕಾಗದ ಇಣುಕುತ್ತಿತ್ತು.

"ಓದಿದಿರೇನು ಚಾಚಿ?"

ಜೈತುನಬಿ ನಾಚಿಕೊಂಡಳು.

"ನನಗ ಓದಾಕ ಬರೂದಿಲ್ರಿ. ನೀವು ಅಷ್ಟು ಕಷ್ಟಪಟ್ಟು ಬರದೀರಿ ಅಂತ ಜ್ವಾಪಾನ ಮಾಡಿ ಇಟ್ಟೀನಿ."

ದಾವಲಸಾಬ ಚಹಾದ ಕಪ್ಪು ಕೆಳಗಿಟ್ಟ. ನಾಲ್ಕು ವರ್ಷ ಆಕೆಯ ಸವಾಲು ಕೇಳಿದ್ದ. ಆಕೆಗೆ ಓದು ಬರುತ್ತದೆಯೇ ಎಂದು ತಾನು ಒಂದು ದಿನವೂ ಕೇಳಿರಲಿಲ್ಲ.

"ಹಂಗಿದ್ರ ಬರಬೇಕಾಗಿತ್ತಲ್ರಿ. ನಾನ ಓದಿ ಹೇಳ್ತಿದ್ದೆ."

"ಎಲ್ಲಾ ಜವಾಬು ಕೈಯಾಗ ಕೊಟ್ಟ ಮ್ಯಾಲೆ ಏನಂತ ಬರ್ಲಿ?"

"ಸುಮ್ಮನ ಬರ್ರಿ."

ಜೈತುನಬಿ ನಕ್ಕಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ದಾವಲಸಾಬನಿಗೆ ಹಗುರಾಗುತ್ತಿತ್ತು.

"ಗಂಡ ಇಲ್ಲದಾಕಿ ಸುಮ್ಮನ ಮಸೀದಿ ಕಟ್ಟಿಗೆ ಹೋಗಿ ಕುಂತ್ರ ಜನ ಏನಂದಾರ್ರಿ? ದೀನಿನ, ಕಿತಾಬಿನ ಮಾತು ಕೇಳಾಕ ಹೊಂಟಾಳ ಅಂದ್ರ ಯಾರೂ ತುಟಿ ಪಿಟಕ್ಕನ್ನೂದಿಲ್ಲ. ಇಲ್ಲೀ ಮಟ ಹಂಗ ನಡೀತು."

ಬೆಕ್ಕು ಒಳಗಿನಿಂದ ಬಂದು ಆಕೆಯ ಕಾಲಿಗೆ ಸುತ್ತಿತು. ಆಕೆ ಅದರ ತಲೆ ನೇವರಿಸಿದಳು.

"ನೀವು ತಪ್ಪು ತಿಳಕೋಬ್ಯಾಡ್ರಿ," ಎಂದಳು. "ಸವಾಲು ಒಂದಿನ ಮುಗೀಲೇಬೇಕಲ್ರಿ."

ದಾವಲಸಾಬ ಎದ್ದು ಬಂದ. ದಾರಿಯುದ್ದಕ್ಕೂ ತನ್ನ ಸತ್ತ ಹೆಂಡತಿ ನೆನಪಾದಳು. ಅವಳೂ ಹೀಗೆಯೇ ಏನಾದರೊಂದು ಕೇಳುತ್ತಿದ್ದಳು. ಮಳೆ ಬಂದೀತೇನು, ಈ ಸೀರೆ ಹೇಗಿದೆ, ಹೊಳೆಗೆ ನೀರು ಬಂತಂತೆ ಹೌದೇನು. ಅವನು ಹೌದು, ಅಲ್ಲ ಎಂದು ಹೇಳಿ ಮುಗಿಸುತ್ತಿದ್ದ. ಹೊಳೆಯ ದಂಡೆಗೆ ಕೂತು ಮಗ್ರಿಬಿನ ಹೊತ್ತಿನ ತನಕ ಅತ್ತ. ಆರು ವರ್ಷದಲ್ಲಿ ಮೊದಲ ಸಲ ಅತ್ತ.

ನಮಾಜು ಮುಗಿದು, ಬಂದಿದ್ದ ನಾಲ್ಕು ಮಂದಿ ಹೋದ ಮೇಲೆ ಗುರುಗಳ ಎದುರು ಕೂತ.

"ನನ್ನಿಂದ ತಪ್ಪಾತು ಹಜರತ್. ಈ ತಪ್ಪು ತೊಳಿಯೂ ಕಫ್ಫಾರಾ ಏನು? ರೋಜಾ ಇರ್ತೀನಿ. ಹತ್ತು ಮಂದಿಗೆ ಊಟಕ್ಕ ಹಾಕ್ತೀನಿ."

"ಮುರಿದ ಆಣೆಗೆ ಕಫ್ಫಾರಾ ಐತಿ. ಮುರಿದ ರೋಜಾಕ್ಕ ಐತಿ. ಇದಕ್ಕ ಬರದಿಲ್ಲ."

"ಹಂಗಾರ ಏನು ಮಾಡ್ಲಿ?"

"ಓದು ಬರಲಾರದಾಕಿಗೆ ಇಪ್ಪತ್ತಮೂರು ಜವಾಬು ಬರದು ಕೊಟ್ಟೀಯಲ್ಲ. ಅವನ್ನ ಓದಿ ಹೇಳಾಕ ಎಷ್ಟು ದಿನ ಬೇಕು?"

"ಒಂದು ತಾಸು ಸಾಕ್ರಿ," ಎಂದ ದಾವಲಸಾಬ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡ. "ಇಲ್ರಿ. ದಿನಕ್ಕ ಒಂದು. ಕಾಗದ ತಗೊಂಡು ಕಟ್ಟಿಗೆ ಬರ್ರಿ ಅಂತ ನಾಳೆ ಮುಂಜಾನೆ ಹೋಗಿ ಹೇಳ್ತೀನಿ."

ಹಜರತರು ತಲೆಯಾಡಿಸಿದರು. ಊರಿನ ಮನೆಗಳು ಸರದಿಯ ಮೇಲೆ ಕಳಿಸುವ ಬುತ್ತಿ ಮೂಲೆಯಲ್ಲಿ ಕಟ್ಟು ಬಿಚ್ಚದೆ ಕೂತಿತ್ತು. ದಿನಾ ಅದನ್ನು ತಂದು ಗುರುಗಳ ಪಕ್ಕದಲ್ಲಿಟ್ಟು, ತನ್ನ ಪಾಲು ಎತ್ತಿಕೊಂಡು ಕಿತಾಬಿನ ಮುಂದೆ ಹೋಗಿ ಕೂರುವುದು ದಾವಲಸಾಬನ ರೂಢಿ.

"ನೀವು ದೊಡ್ಡವರು ಹಜರತ್," ಎಂದ ಅವನು. "ಒಬ್ಬಂಟಿ ಹೆಣ್ಣಮಗಳ ಮ್ಯಾಲೆ ಮರುಕಪಟ್ಟು ಹನ್ನೊಂದು ವರ್ಷ ಜವಾಬು ಪೂರಾ ಹೇಳ್ಲಿಲ್ಲ. ನನಗ ಆ ಮರುಕ ಇರಲಿಲ್ಲ."

ಹಜರತರು ಖಾಲಿ ಕಟ್ಟೆಯ ಕಡೆ ನೋಡಿದರು.

"ಮರುಕ ನಂದಲ್ಲೋ ದಾವಲ," ಎಂದರು. "ನಿಕಾಹಕ್ಕ, ಜನಾಜಾಕ್ಕ, ಜಕಾತಿಗೆ ಇಡೀ ಊರ ನನ್ನ ಕಡೆ ಬರ್ತೈತಿ. ಆದ್ರ ಕೇಳಿ ಹೋಗೂ ಮುಂದ ಹೊಳ್ಳಿ ನಿಂತು 'ಹಜರತ್, ನೀವು ಉಂಡ್ರೇನು?' ಅಂತ ಕೇಳಾಕಿ ಆಕಿ ಒಬ್ಬಾಕೀನ ಇದ್ಲು."