ಬದುವಿನ ಮೇಲಿನ ಕಾವಲುಗಾರ

ಸೂರ್ಯಕಾಂತಿ ಹೊಲದಲ್ಲಿ ಒಂದು ಗಿಡದ ಎಲೆ ಹಳದಿಯಾಯಿತು. ಅಕ್ಕಪಕ್ಕದ ಗಿಡಗಳು ಅದರಿಂದ ಮೈ ಸರಿಸಿಕೊಂಡವು.

"ಅದಕ್ಕೆ ವೈರಸ್ ಬಡಿದಿದೆ!" ಎಂದು ಬದುವಿನ ಮೇಲಿಂದ ಪಾರ್ಥೇನಿಯಂ ಕಳೆ ಕೂಗಿತು. ಅದು ಹಚ್ಚಗೆ ಬೆಳೆದು ಮೈತುಂಬ ಬಿಳಿ ಹೂ ಬಿಟ್ಟಿತ್ತು. "ನಾನು ದಿನವಿಡೀ ಇಲ್ಲೇ ಕಾವಲು ನಿಂತವನು. ಮುಖ ನೋಡಿದರೇ ಹೇಳುತ್ತೇನೆ. ಅದನ್ನು ಕೀಳಲಿ!"

"ಕೀಳಲಿ, ಕೀಳಲಿ," ಎಂದವು ಸೂರ್ಯಕಾಂತಿಗಳು.

ಹೊಲದೊಡತಿ ದ್ಯಾಮವ್ವ ಗಿಡದ ಬುಡಕ್ಕೆ ಕೈ ಹಾಕಿದಳು. ಅವಳ ಚೀಲದಲ್ಲಿದ್ದ ವೈರಸ್ ಪತ್ತೆಯ ಕಾಗದದ ಪಟ್ಟಿ ಮಾತಾಡಿತು: "ತಡಿ ತಾಯಿ. ನಾನು ಮುಖ ನೋಡುವವನಲ್ಲ, ರಸ ನೋಡುವವನು. ಒಂದು ಗೆರೆ ಮೂಡಿದರೆ ವೈರಸ್ ಇಲ್ಲ, ಎರಡು ಮೂಡಿದರೆ ಇದೆ."

ದ್ಯಾಮವ್ವ ಹಳದಿ ಎಲೆಯನ್ನು ಅರೆದು ಅದರ ರಸದಲ್ಲಿ ಪಟ್ಟಿಯನ್ನು ಅದ್ದಿದಳು. ಒಂದೇ ಗೆರೆ ಮೂಡಿತು.

"ಹಂಗಾರ ಇದಕ್ಕ ಗೊಬ್ಬರ ಸಾಲವಲ್ದು, ಅಷ್ಟ," ಎಂದಳು.

"ಪಟ್ಟಿ ಸುಳ್ಳು ಹೇಳುತ್ತಿದೆ!" ಎಂದಿತು ಪಾರ್ಥೇನಿಯಂ.

"ಚೀಲದಲ್ಲಿ ನನ್ನ ತಮ್ಮನಿದ್ದಾನೆ," ಎಂದಿತು ಪಟ್ಟಿ. "ಅವನಿಗೆ ನಿನ್ನದೊಂದು ಎಲೆ ಕೊಡು."

"ನನ್ನದೇ? ನನ್ನ ಮೈಮೇಲೆ ಒಂದು ಚುಕ್ಕೆಯಾದರೂ ಇದೆಯೇ?"

ದ್ಯಾಮವ್ವ ಪಾರ್ಥೇನಿಯಂ ಎಲೆ ಚಿವುಟಿ ಅರೆದು ಎರಡನೇ ಪಟ್ಟಿಯನ್ನು ಅದ್ದಿದಳು. ಎರಡು ಗೆರೆ ಮೂಡಿದವು.

"ಮತ್ತೆ ನೀನೇಕೆ ಒಣಗಲಿಲ್ಲ?" ಎಂದು ಸೂರ್ಯಕಾಂತಿಗಳು ಕೇಳಿದವು.

"ಅದು ನನ್ನನ್ನು ಏನೂ ಮಾಡುವುದಿಲ್ಲ," ಎಂದಿತು ಪಾರ್ಥೇನಿಯಂ. "ನನ್ನ ಹೂವಿನ ಪುಡಿಯ ಜೊತೆ ಹೊರಗೆ ಹೋಗುತ್ತದೆ, ಅಷ್ಟೆ."

ಸೂರ್ಯಕಾಂತಿಗಳು ಒಂದರ ಮುಖ ಒಂದು ನೋಡಿಕೊಂಡವು. ಎಲ್ಲರ ಮುಖದ ಮೇಲೂ ಬದುವಿನಿಂದ ಹಾರಿಬಂದ ಬಿಳಿ ಪುಡಿ ಕೂತಿತ್ತು.

ದ್ಯಾಮವ್ವ ಇನ್ನೊಂದು ಪಟ್ಟಿಗಾಗಿ ಚೀಲ ತಡಕಾಡಿದಳು. ಈ ಸಲ ಯಾರೂ ಕೀಳಲಿ ಎನ್ನಲಿಲ್ಲ.