ದೊರೆಯ ಅಂಗೈಗೆ ಐಗಳ ಬೆತ್ತ

ಗುಡಿಕಲ್ಲಿನ ದೊರೆ ಸರ್ಜಪ್ಪ ನಾಯಕನಿಗೆ ಕೆಟ್ಟ ಚಟ ಅಂತ ಇದ್ದದ್ದು ಒಂದೇ. ಎಲ್ಲಾದರೂ ಏನಾದರೂ ಮೆಚ್ಚಿಗೆಯಾದರೆ ಮಾರನೆಯ ದಿನವೇ ಅದು ಅರಮನೆಗೂ ಬರಬೇಕು. ಆ ಸಲ ಅವನಿಗೆ ಮೆಚ್ಚಿಗೆಯಾದದ್ದು ಏನು ಗೊತ್ತೇ? ಬೆತ್ತ!

ಪೇಟೆಯ ಕೂಲಿಮಠ ನೋಡಲು ಹೋಗಿದ್ದ. ಮೂವತ್ತು ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತ ಕೂತಿದ್ದರು. ಒಂದು ಕೆಮ್ಮಿನ ಸದ್ದೂ ಇಲ್ಲ. ಪಾಠ ಹೇಳುವ ಐಗಳು ಪಂಚಾಕ್ಷರಯ್ಯ ಮೀಸೆ ತಿರುವುತ್ತ ನಿಂತಿದ್ದರು.

"ಇದು ಹೇಗೆ ಐಗಳೇ? ನನ್ನ ಮಂತ್ರಿ ಎರಡು ಸಲ ತಿಂಡಿ ತಿಂದು ಸಭೆಗೆ ಬರ್ತಾನೆ. ಇಲ್ಲಿ ಮಕ್ಕಳು ಕೋಳಿಗಿಂತ ಮುಂಚೆ ಬಂದಿವೆಯಲ್ಲ!"

"ಎಲ್ಲ ಇದರ ಮಹಿಮೆ ಪ್ರಭು," ಎಂದು ಐಗಳು ಬೆತ್ತ ಎತ್ತಿ ತೋರಿಸಿದರು. "ಮೊದಲು ಬಂದವನ ಅಂಗೈಗೆ ಗಂಧದಲ್ಲಿ ಶ್ರೀ ಬರೀತೀನಿ. ಆಮೇಲೆ ಬಂದವರಿಗೆ ಒಂದೊಂದು ಏಟು. ಎಲ್ಲರಿಗಿಂತ ಕೊನೆಗೆ ಬಂದವನಿಗೆ ಹನ್ನೆರಡು. ಮುಖ ನೋಡಿ ಮಣೆ ಹಾಕೋ ಮಾತೇ ಇಲ್ಲ."

ಮುಗಿಯಿತಲ್ಲ! ಮಾರನೆಯ ದಿನ ಐಗಳು ಬೆತ್ತದ ಸಮೇತ ಆಸ್ಥಾನದಲ್ಲಿ ಹಾಜರು.

"ನಾನು ಕೂತು ನಗಾರಿ ಮೊಳಗಿದಾಗ ಸಭೆಯಲ್ಲಿ ಇದ್ದವರ ಲೆಕ್ಕ ಐಗಳು ಹಾಕಲಿ," ಎಂದು ದೊರೆ ಸಾರಿದ. "ಈ ನಿಯಮ ಸಭೆಗೆ ಬರುವ ಎಲ್ಲರಿಗೂ ಒಂದೇ. ನನಗೂ ಸೇರಿ! ವಿನಾಯಿತಿ ಕೇಳಿದವನಿಗೆ ಮೇಲೆ ಇನ್ನೂ ಹನ್ನೆರಡು."

ಅಯ್ಯೋ, ಆಮೇಲಿನ ಫಜೀತಿ ಕೇಳಬೇಡಿ. ಮಂತ್ರಿ ಸ್ನಾನ ಬಿಟ್ಟ. ಸೇನಾಪತಿ ಹಾಸಿಗೆ ತಂದು ಅರಮನೆಯ ಜಗಲಿಯಲ್ಲೇ ಬಿದ್ದುಕೊಂಡ. ಆದರೆ ಎಷ್ಟು ಬೇಗ ಬಂದರೇನು, ಯಾರಾದರೂ ಒಬ್ಬರು ಕೊನೆಯವರು ಇದ್ದೇ ಇರುತ್ತಾರಲ್ಲ! ದಿನವೂ ಆ ಪಾಡು ವೈದ್ಯ ಪಾಯಣ್ಣ ಪಂಡಿತರದ್ದು. ಎಪ್ಪತ್ತು ದಾಟಿದ ಜೀವ, ಮೊಣಕಾಲು ನೋವು, ಬೆಳಗಾದರೆ ಜಗಲಿ ತುಂಬ ರೋಗಿಗಳು. ಅವರನ್ನು ನೋಡಿ ಮುಗಿಸಿ ಕುಂಟುತ್ತ ಬರುವಷ್ಟರಲ್ಲಿ ಉಳಿದವರೆಲ್ಲ ಕೂತಾಗಿರುತ್ತಿತ್ತು.

ಎಂಟನೆಯ ದಿನ ಪಂಡಿತರು ಆಸ್ಥಾನದ ಚತುರ ಮಲ್ಲೋಜನ ಮುಂದೆ ಅಂಗೈ ಚಾಚಿದರು. ಹೋಳಿಗೆಯಂತೆ ಊದಿತ್ತು.

"ನೋವು ತಡ್ಕೋಬಹುದು ಕಣಯ್ಯ. ಆದರೆ ರೋಗಿಯ ನಾಡಿ ಹಿಡಿದರೆ ನನ್ನ ಬೆರಳೇ ಮಿಡಿಯುತ್ತೆ. ಅವನ ನಾಡಿ ಸಿಗೋದೇ ಇಲ್ಲ. ನಿನ್ನೆ ಒಂದು ಬಾಣಂತಿಯನ್ನ ಹಾಗೇ ವಾಪಸ್ ಕಳಿಸಿದೆ," ಎನ್ನುವಾಗ ಮುದುಕನ ಕಣ್ಣು ತುಂಬಿತು.

ಮಲ್ಲೋಜ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ. ಹೋದ ವರ್ಷ ಅವನ ಹೆಂಡತಿಯನ್ನು ವಿಷಮಜ್ವರದಿಂದ ಬದುಕಿಸಿದ್ದು ಆ ಕೈಯೇ.

"ನಾಳೆ ನಾನು ಮಾತಾಡ್ತೀನಿ ಪಂಡಿತರೇ."

"ಬೇಡಪ್ಪ! ವಿನಾಯಿತಿ ಕೇಳಿದರೆ ನಿನಗೂ ಹನ್ನೆರಡು."

"ವಿನಾಯಿತಿ ಯಾರು ಕೇಳ್ತಾರೆ? ನಿಯಮ ಇನ್ನೂ ಬಿಗಿ ಮಾಡಿ ಅಂತೀನಿ."

ಮರುದಿನ ದೊರೆ ಬಂದು ಕೂತ, ನಗಾರಿ ಮೊಳಗಿತು. ಐಗಳು ಪಂಡಿತರ ಕಡೆ ಹೆಜ್ಜೆ ಇಟ್ಟರು. ಮಲ್ಲೋಜ ಎದ್ದು ನಿಂತ.

"ತಡೀರಿ ಐಗಳೇ, ಲೆಕ್ಕ ತಪ್ಪಿದೆ. ಪಂಡಿತರು ಬಂದ ಮೇಲೆ ಇನ್ನೊಬ್ಬರು ಬಂದರು. ನಾನೇ ಕಣ್ಣಾರೆ ನೋಡಿದೆ."

"ಯಾರವನು?" ದೊರೆ ಗುಡುಗಿದ. "ಎಳೆದು ತನ್ನಿ!"

"ಎಳೆಯೋದು ಕಷ್ಟ ಪ್ರಭು, ಸಿಂಹಾಸನ ಭಾರ ಇದೆ. ಎಲ್ಲರೂ ಕೂತ ಮೇಲೆ, ವಂದಿಗಳು ಪರಾಕು ಹೇಳಿದ ಮೇಲೆ, ದಿನಾ ಕೊನೆಗೆ ಒಳಗೆ ಬರೋರು ತಾವೇ. ಪಂಡಿತರು ಇಷ್ಟು ದಿನ ತಿಂದದ್ದು ತಮ್ಮ ಪಾಲಿನ ಏಟು."

ಐಗಳು ಬೆತ್ತವನ್ನು ಬೆನ್ನ ಹಿಂದೆ ಬಚ್ಚಿಟ್ಟರು. ದೊರೆಯ ಮುಖ ಕೆಂಪಾಯಿತು. ನನಗೂ ಸೇರಿ ಅಂದವನು ಅವನೇ ತಾನೆ!

"ಇವತ್ತು ಯಾರಿಗೂ ಏಟು ಬೇಡ," ಎಂದ ದೊರೆ ಕೊನೆಗೆ. "ನಾಳೆ ಎಲ್ಲರಿಗಿಂತ ಮೊದಲು ನಾನೇ ಬರ್ತೀನಿ. ನೋಡ್ತಿರು ಮಲ್ಲೋಜ. ಪಂಡಿತರ ಹನ್ನೆರಡು ಪಂಡಿತರಿಗೇ!"

ಪಂಡಿತರು ಗಾಬರಿಯಾದರು. ಮಲ್ಲೋಜ ಮಾತ್ರ ಆಸ್ಥಾನಿಕರನ್ನೆಲ್ಲ ಮೂಲೆಗೆ ಕರೆದು ಕಿವಿಯಲ್ಲಿ ಏನೋ ಹೇಳಿದ.

ಮುಂಜಾನೆ ದೊರೆ ಎಲ್ಲರಿಗಿಂತ ಮೊದಲು ಬಂದು ಸಿಂಹಾಸನದ ಮೇಲೆ ಕೂತ. ಐಗಳು ಗಂಧದ ಬಟ್ಟಲು ಹಿಡಿದು ಕಾದರು. ಬಿಸಿಲೇರಿತು. ಒಬ್ಬರೂ ಒಳಗೆ ಬರಲಿಲ್ಲ. ದೊರೆಗೆ ಹೊಟ್ಟೆ ಚುರುಗುಟ್ಟಿತು. ತಾಳ್ಮೆ ಕೆಟ್ಟು ನಗಾರಿ ಬಾರಿಸಲು ಹೇಳಿದ.

ನಗಾರಿ ನಿಂತಿತು. ನೋಡಿದರೆ, ಮಂತ್ರಿ, ಸೇನಾಪತಿ, ಪಂಡಿತರು, ಎಲ್ಲರೂ ಹೊಸ್ತಿಲಾಚೆ ಸಾಲಾಗಿ ಕೈಕಟ್ಟಿ ನಿಂತಿದ್ದಾರೆ! ಎದುರಿಗೇ ಮಲ್ಲೋಜ.

"ಯಾಕ್ರೋ ಒಳಗೆ ಬರಲಿಲ್ಲ?" ದೊರೆ ಅಬ್ಬರಿಸಿದ.

"ಹೇಗೆ ಬರೋದು ಪ್ರಭು? ದೊರೆ ಕೂತ ಮೇಲೆ ಅಪ್ಪಣೆ ಇಲ್ಲದೆ ಹೊಸ್ತಿಲು ದಾಟಬಾರದು ಅಂತ ತಮ್ಮ ತಾತನವರ ಕಾಲದಿಂದ ಕಟ್ಟಳೆ. ನಾವು ಶಿಸ್ತಿನವರು!"

"ಸರಿ ಸರಿ! ಐಗಳೇ, ಮೊದಲು ಬಂದವನು ನಾನು. ಶ್ರೀ ಬರೀರಿ," ಎಂದು ದೊರೆ ಬಲಗೈ ಚಾಚಿದ.

"ಬರೀರಿ ಐಗಳೇ, ಧಾರಾಳವಾಗಿ ಬರೀರಿ," ಎಂದ ಮಲ್ಲೋಜ. "ಪ್ರಭು, ಹಾಗೇ ಎಡಗೈಯನ್ನೂ ಚಾಚಿಬಿಡಿ. ನಗಾರಿ ಬಾರಿಸುವಾಗ, ಲೆಕ್ಕ ಹಾಕೋ ಐಗಳನ್ನು ಬಿಟ್ಟರೆ, ಸಭೆಯಲ್ಲಿ ಇದ್ದವರು ತಾವೊಬ್ಬರೇ. ಮೊದಲು ಬಂದವರೂ ತಾವೇ, ಎಲ್ಲರಿಗಿಂತ ಕೊನೆಗೆ ಬಂದವರೂ ತಾವೇ!"

ದೊರೆ ತನ್ನ ಎರಡೂ ಕೈ ನೋಡಿಕೊಂಡ. ಬೆತ್ತ ನೋಡಿದ. ಹೊಸ್ತಿಲಾಚೆ ಪಂಡಿತರ ಊದಿದ ಅಂಗೈ ನೋಡಿದ. ಆಮೇಲೆ ಕಿರೀಟ ಜಾರುವ ಹಾಗೆ ನಗತೊಡಗಿದ.

"ಸೋತೆ ಕಣೋ! ಎಲ್ಲರೂ ಒಳಗೆ ಬನ್ನಿ. ಪಂಡಿತರೇ, ನನ್ನದು ತಪ್ಪಾಯಿತು. ಆ ಕೈಗೆ ಮದ್ದು ಹಚ್ಚಿಸಿಕೊಂಡು ವಾಸಿಯಾಗುವವರೆಗೆ ಮನೆಯಲ್ಲಿರಿ. ಐಗಳೇ, ಇನ್ನು ಮೇಲೆ ಇಲ್ಲಾಗಲಿ, ಮಠದಲ್ಲಾಗಲಿ, ಹೊತ್ತಿಗೆ ಸರಿಯಾಗಿ ಬಂದವರಿಗೆಲ್ಲ ಶ್ರೀ."

"ಅಪ್ಪಣೆ ಪ್ರಭು. ಹಾಗಾದರೆ ಬೆತ್ತ?" ಐಗಳು ಮೆಲ್ಲಗೆ ಕೇಳಿದರು.

"ಪಂಡಿತರಿಗೆ ಕೊಟ್ಟುಬಿಡಿ," ಎಂದ ಮಲ್ಲೋಜ. "ಮೊಣಕಾಲು ನೋವು ಅವರಿಗೆ. ಊರಿಕೊಂಡು ನಡೆಯೋಕೆ ಆಗುತ್ತೆ."