ನವಿಲಿನ ನಾಣ್ಯ

ಕೇತ ಅಕ್ಕಸಾಲಿಗ. ನದಿಯ ದಡದ ಆಶ್ರಮಕ್ಕೆ ಬಂದು ಶಿಷ್ಯನಾಗಿ ವರ್ಷವಾಗಿತ್ತು. ಎಲ್ಲ ಬಿಟ್ಟು ಬಂದಿದ್ದ. ಸೊಂಟದ ಗಂಟೊಂದು ಉಳಿದಿತ್ತು.

ಒಂದು ಬೆಳಿಗ್ಗೆ ಅದನ್ನು ಬಿಚ್ಚಿ ಗುರುವಿನ ಮುಂದಿಟ್ಟ. ರೋಮ್ ದೇಶದ ಚಿನ್ನದ ನಾಣ್ಯ. ಥಳಥಳ ಹೊಳೆಯುತ್ತಿತ್ತು.

"ಸನ್ಯಾಸಿಯ ಸೊಂಟದಲ್ಲಿ ಚಿನ್ನವೋ?" ಎಂದರು ಗುರು.

ಕೇತ ತಲೆ ತಗ್ಗಿಸಿದ. ಅದು ಮಗಳು ನಾಗಿಯದು. ತಾಯಿಯಿಲ್ಲದ ಮಗು. ತಾನೇ ತೂತು ಕೊರೆದು ಕೊರಳಿಗೆ ಕಟ್ಟಿದ್ದ. ಆರು ವರ್ಷ ಅವಳು ತೆಗೆದಿರಲಿಲ್ಲ. ಅವಳಿಗೆ ಜ್ವರ ಬಂದಾಗ ಕೇತ ಚಿನ್ನ ಕೊಳ್ಳಲು ಬಂದರಿಗೆ ಹೋಗಿದ್ದ. ಮರಳಿದಾಗ ಎಲ್ಲ ಮುಗಿದು ಮೂರು ದಿನವಾಗಿತ್ತು. ನೆರೆಯವರು ನಾಣ್ಯವನ್ನು ಕೈಗಿಟ್ಟರು.

ಒಂದು ಬದಿಯಲ್ಲಿ ರಾಣಿಯ ಮುಖ. ಇನ್ನೊಂದು ಬದಿಯಲ್ಲಿ ಗರಿಗೆದರಿದ ನವಿಲು.

"ಆ ನಾಡಿನಲ್ಲಿ ರಾಣಿ ಸತ್ತರೆ ನವಿಲು ಬಂದು ಸ್ವರ್ಗಕ್ಕೆ ಹೊತ್ತೊಯ್ಯುತ್ತದಂತೆ. ಹಡಗಿನವರು ಹೇಳಿದರು," ಎಂದ ಕೇತ. "ನನ್ನ ಮಗುವನ್ನು ಯಾರು ಹೊತ್ತರು, ಗುರುಗಳೇ? ಕಳಿಸಿಕೊಡಲು ನಾನೂ ಇರಲಿಲ್ಲ."

ಗುರು ನಾಣ್ಯವನ್ನು ಬೆಳಕಿಗೆ ಹಿಡಿದರು. ಹೊಸದರ ಹಾಗಿದೆ ಎಂದರು.

ತೊಳೆದೆ ಎಂದ ಕೇತ. ನವಿಲು ಸರಿಯಾಗಿ ಕಾಣಲೆಂದು ಇಂದು ನಸುಕಿನಲ್ಲಿ ಅಂಟುವಾಳದ ನೀರಿನಲ್ಲಿ ನೆನೆಸಿ ಉಜ್ಜಿದ್ದ. ಅಕ್ಕಸಾಲಿಗನ ಕೈ. ಮಾಸಿದ ಚಿನ್ನವನ್ನು ಹಾಗೇ ಯಾರಿಗೂ ತೋರಿಸುವುದಿಲ್ಲ.

"ಗರಿಗಳ ಸಂದಿನಲ್ಲಿ ಏನಿತ್ತು?"

"ಕೊಳೆ. ಎಣ್ಣೆ. ಅರಿಸಿನ. ಅವಳ ಬೆವರು..."



ಕೇತ ಅದನ್ನೆಲ್ಲ ತೊಳೆದ ತನ್ನ ಕೈಗಳನ್ನೇ ನೋಡಿಕೊಂಡ.

"ಆ ನೀರು?" ಎಂದರು ಗುರು.

ಅಕ್ಕಸಾಲಿಗರು ಚಿನ್ನ ತೊಳೆದ ನೀರನ್ನು ಚೆಲ್ಲುವುದಿಲ್ಲ. ಚಿನ್ನದ ಪುಡಿ ತಳದಲ್ಲಿ ನಿಲ್ಲುತ್ತದೆಂದು ಎತ್ತಿಡುತ್ತಾರೆ. ಅಭ್ಯಾಸದಂತೆ ಕೇತ ಇದನ್ನೂ ಕುಡಿಕೆಯಲ್ಲಿ ಇಟ್ಟಿದ್ದ. ಗುಡಿಸಲಿನ ಹಿಂದಿದೆ ಎಂದ.

ಗುರು ತಾವೇ ಹೋಗಿ ತಂದರು. ಮಬ್ಬು ಹಳದಿ ನೀರು. ಕುಡಿಕೆಯನ್ನು ಕೇತನ ಕೈಗಿಟ್ಟು, ತೋಳು ಹಿಡಿದು ನದಿಗೆ ಇಳಿಸಿದರು.

ಮೊಣಕಾಲುದ್ದ ನೀರಿನಲ್ಲಿ ಇಬ್ಬರೂ ನಿಂತರು. ಕೇತ ಕುಡಿಕೆಯನ್ನು ಎದೆಗೆ ಒತ್ತಿ ಹಿಡಿದ. ಬಾಗಿಸಲಿಲ್ಲ.

"ಅಂದು ನೀನು ಇರಲಿಲ್ಲ," ಎಂದರು ಗುರು. "ಇಂದು ಇದ್ದೀಯ. ಕಳಿಸಿಕೊಡು."